ಹುಸಿ ಮೆಚ್ಚುಗೆಯೂ ಕಾಯಿದೆಯೂ

ಸಂತೆಯಲ್ಲಿ ಮಣ್ಣಿನ ಗಡಿಗೆಯನ್ನು ಕೊಳ್ಳುವವರು ಮೊದಲು ಅದನ್ನು ಬೆರಳಿನಿಂದ ತಟ್ಟಿ ನೋಡುತ್ತಾರೆ. ಗಡಿಗೆ ಚೆನ್ನಾಗಿ ಬೆಂದಿದ್ದರೆ ಠಣ್ ಎಂಬ ಸದ್ದು ಬರುವುದು. ಎಲ್ಲಿಯಾದರೂ ಬಿರುಕಿದ್ದರೆ ಸದ್ದು ಒಡಕಾಗಿ ಕೇಳುವುದು. ಕಣ್ಣಿಗೆ ಕಾಣದ ಬಿರುಕನ್ನು ಕಿವಿ ಪತ್ತೆಮಾಡುವುದು. ಈ ಪರೀಕ್ಷೆಗೆ ಉಪಕರಣ ಬೇಕಾಗಿಲ್ಲ. ಗಡಿಗೆ ಕೈಗೆ ಎಟಕುವಂತಿದ್ದರೆ ಸಾಕು. ಆದರೆ ಇಂದು ನಾವು ಕೊಳ್ಳುವ ಎಷ್ಟೋ ಪದಾರ್ಥಗಳು ಕೊಳ್ಳುವ ವೇಳೆಯಲ್ಲಿ ನಮ್ಮ ಕೈಗೆ ಎಟಕುವುದೇ ಇಲ್ಲ. ಮೊಬೈಲಿನ ತೆರೆಯ ಮೇಲೆ ಕಾಣುವುದು ಪದಾರ್ಥದ ಚಿತ್ರ ಮಾತ್ರ. ಚಿತ್ರವನ್ನು ತಟ್ಟಿದರೆ ಸದ್ದು ಬಾರದು. ಆದುದರಿಂದ, ನಮಗಿಂತ ಮೊದಲು ಅದನ್ನು ಕೊಂಡು ಬಳಸಿದವರು ಏನೆನ್ನುತ್ತಾರೆಂದು ವಿಚಾರಿಸುತ್ತೇವೆ. ಹಾಗೆ ಬಳಸಿದವರು ಬರೆದಿಡುವ ಅಭಿಪ್ರಾಯವನ್ನೇ ಜನರು ರಿವ್ಯೂ ಎನ್ನುತ್ತಾರೆ. ನಾವು ಅದನ್ನು ಗ್ರಾಹಕರ ವಿಮರ್ಶೆ ಎಂದು ಕರೆಯೋಣ. ವಿಮರ್ಶೆಯ ಜೊತೆಗೆ ಒಂದರಿಂದ ಐದು ನಕ್ಷತ್ರಗಳವರೆಗೆ ಅಂಕ ಕೊಡುವ ವಾಡಿಕೆಯೂ ಉಂಟು.

ಈ ವಿಮರ್ಶೆಗಳನ್ನು ಹಣ ಕೊಟ್ಟು ಬರೆಸುವ ಕಸುಬು ಅಂತರ್ಜಾಲದ ವ್ಯಾಪಾರದೊಡನೆಯೇ ಬೆಳೆದುಬಂದಿದೆ. ಅದನ್ನು ತಡೆಯಲು ಹಲವು ದೇಶಗಳು ಕಾಯಿದೆಗಳನ್ನು ಮಾಡಿವೆ. ಒಬ್ಬನ ಅಭಿಪ್ರಾಯದ ವಿಷಯದಲ್ಲಿ ಸರ್ಕಾರ ಏಕೆ ಕೈಹಾಕಬೇಕು? ಹಾಕಿದರೆ ಎಲ್ಲಿಯವರೆಗೆ ಹಾಕಬೇಕು? ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ದಿನವೂ ಮಾಡುವ ಅಳತೆಯ ಕೆಲಸವನ್ನು ನೆನಪಿಗೆ ತಂದುಕೊಂಡರೆ ಈ ಪ್ರಶ್ನೆಗಳಿಗೆ ಉತ್ತರ ಸುಲಭವಾಗಿ ದೊರೆಯುವುದು.

ಅಭಿಪ್ರಾಯವೂ ಒಂದು ಅಳತೆ

೧೯೦೭ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಸ್ವಾರಸ್ಯವಾದ ಲೇಖನವನ್ನು ಪ್ರಕಟಿಸಿದನು. ಪ್ಲಿಮತ್ ನಗರದ ಜಾನುವಾರು ಪ್ರದರ್ಶನವೊಂದರಲ್ಲಿ ಒಂದು ಎತ್ತನ್ನು ನಿಲ್ಲಿಸಿ, ಅದನ್ನು ಕೊಯ್ದು ಶುಚಿಗೊಳಿಸಿದಾಗ ತೂಕವೆಷ್ಟಾಗಬಹುದೆಂದು ಊಹಿಸುವ ಸ್ಪರ್ಧೆಯನ್ನು ಏರ್ಪಡಿಸಿದ್ದರು. ಭಾಗವಹಿಸಿದವರಲ್ಲಿ ಕಸಾಯಿಗಳೂ ರೈತರೂ ಇದ್ದರು. ಏನೂ ತಿಳಿಯದವರೂ ಇದ್ದರು. ಗಾಲ್ಟನ್ ಸರಿಯಾಗಿ ಓದಲು ಬಂದ ೭೮೭ ಚೀಟಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ನಟ್ಟನಡುವಣ ಸಂಖ್ಯೆಯನ್ನು ನೋಡಿದನು. ಅದು ೧೨೦೭ ಪೌಂಡು. ನಿಜವಾದ ತೂಕ ೧೧೯೮ ಪೌಂಡು ಎಂದು ಆತ ಬರೆದನು. ತಪ್ಪು ಶೇಕಡ ಒಂದಕ್ಕಿಂತಲೂ ಕಡಿಮೆ!

ಇದಕ್ಕೆ ಕಾರಣವೇನು? ಒಬ್ಬನು ಹೆಚ್ಚಾಗಿ ಊಹಿಸಿದರೆ ಇನ್ನೊಬ್ಬನು ಕಡಿಮೆಯಾಗಿ ಊಹಿಸುವನು. ಹೆಚ್ಚು ಕಡಿಮೆಗಳು ಒಂದನ್ನೊಂದು ಕಳೆದುಹಾಕುವುವು. ವಿದ್ಯಾರ್ಥಿಗಳು ಲೋಲಕದ ಆವರ್ತಕಾಲವನ್ನು ಅನೇಕ ಸಲ ಅಳೆದು ಸರಾಸರಿ ತೆಗೆಯುವುದೂ ಇದೇ ಕಾರಣಕ್ಕಾಗಿ. ಗಾಲ್ಟನ್ ಮತ್ತೊಂದು ಸಂಗತಿಯನ್ನೂ ಗಮನಿಸಿದ್ದನು. ಒಂದೊಂದು ಚೀಟಿಗೆ ಆರು ಪೆನ್ಸ್ ಶುಲ್ಕವಿತ್ತು. ಕೈಯಿಂದ ಕಾಸು ಹೋಗುವುದೆಂಬ ಕಾರಣದಿಂದ ತಮಾಷೆಗಾಗಿ ಅಡ್ಡಾದಿಡ್ಡಿ ಬರೆಯುವವರು ದೂರ ಉಳಿದರು. ಬಹುಮಾನದ ಆಸೆಯಿಂದ ಉಳಿದವರು ಮನಸ್ಸಿಟ್ಟು ಊಹಿಸಿದರು. ಸುಳ್ಳು ಬರೆಯುವುದಕ್ಕೆ ಖರ್ಚು ತಗಲುವಂತಿದ್ದುದೂ ಆ ಸರಾಸರಿಯ ಯೋಗ್ಯತೆಗೆ ಒಂದು ಕಾರಣವೆಂಬ ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಎರಡು ಬಗೆಯ ದೋಷಗಳು

ಅಳತೆಯಲ್ಲಿ ಎರಡು ಬಗೆಯ ದೋಷಗಳುಂಟು. ಮೊದಲನೆಯದು ಯಾದೃಚ್ಛಿಕ ದೋಷ. ಅದು ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ವಾಲುವುದು. ಅಳತೆಗಳ ಸಂಖ್ಯೆ ಹೆಚ್ಚಿದಂತೆ ಇದು ಕುಗ್ಗುವುದು. ನೂರು ಅಳತೆಗಳ ಸರಾಸರಿಯಲ್ಲಿ ಇದು ಒಂದೇ ಅಳತೆಯಲ್ಲಿರುವುದರ ಹತ್ತನೆಯ ಒಂದು ಪಾಲಿನಷ್ಟಾಗುವುದು. ಎರಡನೆಯದು ವ್ಯವಸ್ಥಿತ ದೋಷ. ಅದು ಯಾವಾಗಲೂ ಒಂದೇ ಕಡೆಗೆ ವಾಲುವುದು. ಸ್ಕ್ರೂ ಗೇಜಿನಲ್ಲಿ ಶೂನ್ಯ ದೋಷವಿದ್ದರೆ ಸಾವಿರ ಸಲ ಅಳೆದರೂ ಆ ತಪ್ಪು ಹೋಗುವುದಿಲ್ಲ. ಅಷ್ಟೇ ಅಲ್ಲ, ಸಾವಿರ ಸಲ ಅಳೆದಿದ್ದೇವೆಂಬ ಧೈರ್ಯದಿಂದ ತಪ್ಪನ್ನೇ ಹೆಚ್ಚು ನಂಬುತ್ತೇವೆ.

ಪ್ರಾಮಾಣಿಕರಾದ ಗ್ರಾಹಕರ ಅಭಿಪ್ರಾಯಭೇದ ಮೊದಲನೆಯ ಬಗೆಯದು. ಒಬ್ಬನಿಗೆ ಸಾರು ಖಾರ, ಇನ್ನೊಬ್ಬನಿಗೆ ಸಪ್ಪೆ. ಸರಾಸರಿಯಲ್ಲಿ ಇವು ಸರಿಹೋಗುವುವು. ಕೂಲಿಗೆ ಬರೆಸಿದ ಹೊಗಳಿಕೆ ಎರಡನೆಯ ಬಗೆಯದು. ಒಂದು ಚಿಕ್ಕ ಲೆಕ್ಕವನ್ನು ಮಾಡಿ ನೋಡೋಣ. ಒಂದು ಅಂಗಡಿಗೆ ೨೦ ಮಂದಿ ನಿಜವಾದ ಗ್ರಾಹಕರು ಸರಾಸರಿ ೩ ನಕ್ಷತ್ರ ಕೊಟ್ಟಿದ್ದಾರೆ, ಒಟ್ಟು ೬೦. ಅಂಗಡಿಯವನು ಐದೈದು ನಕ್ಷತ್ರಗಳ ೨೦ ಹುಸಿ ವಿಮರ್ಶೆಗಳನ್ನು ಬರೆಸಿದರೆ ಒಟ್ಟು ೧೬೦, ವಿಮರ್ಶೆಗಳು ೪೦, ಸರಾಸರಿ ೪. ಪಕ್ಕದ ಅಂಗಡಿಗೂ ೨೦ ಮಂದಿ ನಿಜವಾದ ಗ್ರಾಹಕರೇ, ಆದರೆ ಅದರ ಸರಾಸರಿ ೪.೫, ಒಟ್ಟು ೯೦ ಎಂದು ಇಟ್ಟುಕೊಳ್ಳೋಣ. ಮೊದಲಿನವನು ಅದಕ್ಕೆ ಒಂದೊಂದು ನಕ್ಷತ್ರದ ೧೦ ಹುಸಿ ನಿಂದೆಗಳನ್ನು ಬರೆಸಿದರೆ ಒಟ್ಟು ೧೦೦, ವಿಮರ್ಶೆಗಳು ೩೦, ಸರಾಸರಿ ೩.೩. ಮೂವತ್ತು ಸುಳ್ಳುಗಳಿಂದ ಕೆಟ್ಟ ಅಂಗಡಿ ಮೇಲಕ್ಕೇರಿತು, ಒಳ್ಳೆಯ ಅಂಗಡಿ ಕೆಳಗಿಳಿಯಿತು. ಇಲ್ಲಿ ಮೋಸಹೋದವನು ಕೊಳ್ಳುವವನೊಬ್ಬನೇ ಅಲ್ಲ. ಪ್ರಾಮಾಣಿಕನಾದ ಮಾರುವವನೂ ಕೆಟ್ಟನು.

ಸುಳ್ಳಿನ ಬೆಲೆ, ಸುಳ್ಳಿನ ಲಾಭ

ತನ್ನನ್ನು ತಾನೇ ಮರೆಯಲ್ಲಿ ನಿಂತು ಹೊಗಳಿಕೊಳ್ಳುವ ಚಪಲ ಹೊಸದಲ್ಲ. ೧೮೫೫ರಲ್ಲಿ ಅಮೆರಿಕದ ಕವಿ ವಾಲ್ಟ್ ವಿಟ್ಮನ್ ತನ್ನ ‘ಲೀವ್ಸ್ ಆಫ್ ಗ್ರಾಸ್’ ಕವನಸಂಕಲನಕ್ಕೆ ತಾನೇ ಹೆಸರಿಲ್ಲದ ವಿಮರ್ಶೆಗಳನ್ನು ಬರೆದು ಪತ್ರಿಕೆಗಳಲ್ಲಿ ಅಚ್ಚುಹಾಕಿಸಿದ್ದನು. ಅಂದು ಒಂದೆರಡು ಪತ್ರಿಕೆಗಳಿಗೆ ಮುಗಿಯುತ್ತಿದ್ದ ಈ ಕೆಲಸ ಇಂದು ವಿಪರೀತವಾಗಿ ಸುಲಭವಾಗಿದೆ. ೨೦೧೭ರಲ್ಲಿ ಲಂಡನ್ನಿನ ಊಬಾ ಬಟ್ಲರ್ ಎಂಬ ಪತ್ರಕರ್ತನು ತನ್ನ ಮನೆಯ ಹಿತ್ತಲಿನ ಗುಡಿಸಲೊಂದನ್ನು ‘ದಿ ಷೆಡ್ ಅಟ್ ಡಲ್ವಿಚ್’ ಎಂಬ ಊಟದ ಮನೆಯೆಂದು ಟ್ರಿಪ್‌ಅಡ್ವೈಸರ್ ಎಂಬ ತಾಣದಲ್ಲಿ ನಮೂದಿಸಿ, ಸ್ನೇಹಿತರಿಂದ ಹೊಗಳಿಕೆ ಬರೆಯಿಸಿದನು. ಅಲ್ಲಿ ಒಲೆಯೂ ಇರಲಿಲ್ಲ, ಊಟವೂ ಇರಲಿಲ್ಲ. ಆದರೂ ಕೆಲವು ತಿಂಗಳಲ್ಲಿ ಅದು ಸುಮಾರು ೧೮,೦೦೦ ಸ್ಥಳಗಳನ್ನು ಹಿಂದೆ ಹಾಕಿ ಆ ಪಟ್ಟಿಯಲ್ಲಿ ಲಂಡನ್ನಿನ ಮೊದಲನೆಯ ಊಟದ ಮನೆಯಾಯಿತು!

ಇದು ವಿನೋದಕ್ಕಾಗಿ ಮಾಡಿದುದು. ಹಣಕ್ಕಾಗಿ ಮಾಡಿದರೆ ಲಾಭವೆಷ್ಟು? ಹಾರ್ವರ್ಡಿನ ಮೈಕೆಲ್ ಲೂಕಾ ೨೦೧೧ರಲ್ಲಿ ಇದನ್ನು ಜಾಣ್ಮೆಯಿಂದ ಅಳೆದನು. ಯೆಲ್ಪ್ ಎಂಬ ತಾಣವು ಸರಾಸರಿಯನ್ನು ಸಮೀಪದ ಅರ್ಧ ನಕ್ಷತ್ರಕ್ಕೆ ಹೊಂದಿಸಿ ತೋರಿಸುತ್ತಿತ್ತು. ೩.೨೪ ಇದ್ದುದು ೩ ಎಂದೂ ೩.೨೬ ಇದ್ದುದು ೩.೫ ಎಂದೂ ಕಾಣುತ್ತಿತ್ತು. ಇವೆರಡು ಊಟದ ಮನೆಗಳ ಗುಣದಲ್ಲಿ ನಿಜವಾಗಿ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ತೋರುವ ನಕ್ಷತ್ರಗಳಲ್ಲಿ ಮಾತ್ರ. ಇಂಥವುಗಳ ವ್ಯಾಪಾರವನ್ನು ಹೋಲಿಸಿದಾಗ, ಒಂದು ನಕ್ಷತ್ರ ಹೆಚ್ಚಿದರೆ ಆದಾಯ ಶೇಕಡ ೫ರಿಂದ ೯ರಷ್ಟು ಹೆಚ್ಚುವುದೆಂದು ಕಂಡುಬಂದಿತು. ದೇಶವಿಡೀ ಶಾಖೆಗಳಿರುವ ಪ್ರಸಿದ್ಧ ಹೆಸರಿನ ಊಟದ ಮನೆಗಳಿಗೆ ಈ ಪರಿಣಾಮ ತಗಲಿರಲಿಲ್ಲ. ಹೆಸರಿಲ್ಲದ ಸಣ್ಣ ವ್ಯಾಪಾರಿಗೇ ನಕ್ಷತ್ರಗಳ ಬಲವೂ ಭಯವೂ ಹೆಚ್ಚು.

ಸುಳ್ಳಿಗೆ ತಗಲುವ ಖರ್ಚೆಷ್ಟು? ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್‌ರ ಕಚೇರಿಯವರು ಬ್ರೂಕ್ಲಿನ್ನಿನ ಒಂದು ಮೊಸರಿನ ಅಂಗಡಿಯ ಮಾಲಿಕರಂತೆ ನಟಿಸಿ, ‘ನಮ್ಮ ಅಂಗಡಿಗೆ ಕೆಟ್ಟ ವಿಮರ್ಶೆಗಳು ಬಂದಿವೆ, ಏನಾದರೂ ಸಹಾಯ ಮಾಡುವಿರಾ?’ ಎಂದು ಪ್ರಚಾರದ ಸಂಸ್ಥೆಗಳನ್ನು ಕೇಳಿದರು. ಹಲವರು ಹುಸಿ ಹೊಗಳಿಕೆ ಬರೆಸಿಕೊಡಲು ಮುಂದೆ ಬಂದರು. ಬರೆಯುತ್ತಿದ್ದವರು ಫಿಲಿಪೀನ್ಸ್, ಬಾಂಗ್ಲಾದೇಶ, ಪೂರ್ವ ಯೂರೋಪುಗಳಲ್ಲಿದ್ದರು. ಒಂದು ವಿಮರ್ಶೆಗೆ ಅವರ ಕೂಲಿ ೧ರಿಂದ ೧೦ ಡಾಲರ್. ೨೦೧೩ರಲ್ಲಿ ೧೯ ಸಂಸ್ಥೆಗಳು ಈ ಕೆಲಸವನ್ನು ನಿಲ್ಲಿಸಲು ಒಪ್ಪಿ, ಒಟ್ಟು ೩,೫೦,೦೦೦ ಡಾಲರಿಗೂ ಹೆಚ್ಚು ದಂಡ ತೆರಬೇಕಾಯಿತು.

ಈಗ ಎರಡು ಸಂಖ್ಯೆಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡೋಣ. ಹಿಂದಿನ ಲೆಕ್ಕದ ೨೦ ಹುಸಿ ಹೊಗಳಿಕೆಗಳಿಗೆ ಹೆಚ್ಚೆಂದರೆ ೨೦೦ ಡಾಲರ್ ಖರ್ಚು. ವರ್ಷಕ್ಕೆ ಹತ್ತು ಲಕ್ಷ ಡಾಲರ್ ವ್ಯಾಪಾರವುಳ್ಳ ಊಟದ ಮನೆಗೆ ಒಂದು ನಕ್ಷತ್ರದಿಂದ ಬರುವ ಹೆಚ್ಚಿನ ಆದಾಯ ೫೦,೦೦೦ದಿಂದ ೯೦,೦೦೦ ಡಾಲರ್. ಗಾಲ್ಟನ್ನನ ಆರು ಪೆನ್ಸ್ ಇಲ್ಲಿ ಕೆಲಸ ಮಾಡುತ್ತಿಲ್ಲ. ಸುಳ್ಳು ಅಗ್ಗ, ಲಾಭ ಅಪಾರ. ನೀತಿಬೋಧೆಯೊಂದರಿಂದಲೇ ಇಂಥ ಕಸುಬು ನಿಲ್ಲದು, ಸುಳ್ಳು ತುಟ್ಟಿಯಾಗಬೇಕು. ಕಾಯಿದೆ ಬರುವುದು ಇಲ್ಲಿಯೇ.

ಕಣ್ಣಿಗೆ ಕಾಣದ ಸುಳ್ಳು

‘ಸುಳ್ಳು ವಿಮರ್ಶೆಯನ್ನು ನಾವು ಓದಿದೊಡನೆ ಗುರುತಿಸುತ್ತೇವೆ, ಕಾಯಿದೆ ಏಕೆ?’ ಎಂದು ಕೆಲವರು ಕೇಳಬಹುದು. ೨೦೧೧ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ಸಂಶೋಧಕರು ಇದನ್ನೇ ಪರೀಕ್ಷಿಸಿದರು. ಷಿಕಾಗೋ ನಗರದ ಹೋಟೆಲುಗಳ ಬಗ್ಗೆ ನಿಜವಾದ ೪೦೦ ವಿಮರ್ಶೆಗಳನ್ನೂ, ಕೂಲಿ ಕೊಟ್ಟು ಬರೆಸಿದ ೪೦೦ ಹುಸಿ ವಿಮರ್ಶೆಗಳನ್ನೂ ತೆಗೆದುಕೊಂಡು ಅವುಗಳಲ್ಲಿ ಒಂದು ಭಾಗವನ್ನು ಮೂವರಿಗೆ ಓದಲು ಕೊಟ್ಟರು. ಅವರ ತೀರ್ಮಾನ ನಾಣ್ಯವನ್ನು ಚಿಮ್ಮಿ ಹೇಳಿದುದಕ್ಕಿಂತ ಹೆಚ್ಚೇನೂ ಉತ್ತಮವಾಗಿರಲಿಲ್ಲ. ಪದಗಳ ಬಳಕೆಯನ್ನು ಎಣಿಸುವಂತೆ ತರಬೇತು ಮಾಡಿದ ಗಣಕಯಂತ್ರವಾದರೋ ನೂರಕ್ಕೆ ಸುಮಾರು ತೊಂಬತ್ತನ್ನು ಸರಿಯಾಗಿ ವಿಂಗಡಿಸಿತು. ಹೋಟೆಲಿಗೆ ಹೋಗಿದ್ದವರು ಕೋಣೆಯ ಅಳತೆ, ಬಚ್ಚಲು, ಅಂತಸ್ತು ಮುಂತಾದ ಸ್ಥಳವಿವರಗಳನ್ನು ಹೆಚ್ಚು ಹೇಳಿದ್ದರು. ಹೋಗದವರು ‘ನಾನು, ನನ್ನ’ ಎಂದೂ, ಯಾರ ಜೊತೆ ಏಕೆ ಬಂದೆವೆಂದೂ ಹೆಚ್ಚು ಹೇಳಿಕೊಂಡಿದ್ದರು. ನೋಡದ ಕೋಣೆಯನ್ನು ವರ್ಣಿಸುವುದು ಕಷ್ಟವಷ್ಟೆ!

ಆದರೆ ಈ ಗುರುತುಗಳು ಶಾಶ್ವತವಲ್ಲ. ನಾವು ಚಾಪೆಯ ಕೆಳಗೆ ತೂರಿದರೆ ಮೋಸಗಾರ ರಂಗೋಲಿಯ ಕೆಳಗೆ ತೂರುವನು. ಈಗ ಕೃತಕ ಬುದ್ಧಿಯ ಯಂತ್ರಗಳು ಕ್ಷಣಮಾತ್ರದಲ್ಲಿ ಬಗೆಬಗೆಯ ವಿಮರ್ಶೆಗಳನ್ನು ಬರೆಯಬಲ್ಲವು. ಆದುದರಿಂದ ಓದುವವನ ಜಾಣತನವೊಂದೇ ಸಾಲದು.

ಕಾಯಿದೆ ತಡೆಯುವುದು ಯಾವುದನ್ನು?

ತೂಕ ಮತ್ತು ಅಳತೆಯ ಇಲಾಖೆಯ ಅಧಿಕಾರಿ ಅಂಗಡಿಯ ತಕ್ಕಡಿಯನ್ನು ಪರೀಕ್ಷಿಸಿ ಮುದ್ರೆ ಹಾಕುತ್ತಾನೆ. ಅಕ್ಕಿ ರುಚಿಯಾಗಿದೆಯೇ ಇಲ್ಲವೇ ಎಂದು ಅವನು ಹೇಳುವುದಿಲ್ಲ. ಕಿಲೋಗ್ರಾಮ್ ಕಿಲೋಗ್ರಾಮೇ ಆಗಿರಬೇಕೆಂದು ಮಾತ್ರ ನೋಡುತ್ತಾನೆ. ವಿಮರ್ಶೆಗಳ ಬಗೆಗಿನ ಕಾಯಿದೆಗಳ ತತ್ತ್ವವೂ ಇದೇ. ನಿಮ್ಮ ಅಭಿಪ್ರಾಯ ಸರಿಯಾಗಿರಬೇಕೆಂದು ಅವು ಹೇಳುವುದಿಲ್ಲ. ಅಭಿಪ್ರಾಯ ಹೇಳುವವನು ನಿಜವಾಗಿ ಇರಬೇಕು, ಆ ಪದಾರ್ಥವನ್ನು ನಿಜವಾಗಿ ಬಳಸಿರಬೇಕು, ಮಾರುವವನೊಡನೆ ಇರುವ ಸಂಬಂಧವನ್ನು ಮುಚ್ಚಿಡಬಾರದು ಎಂದಷ್ಟೇ ಹೇಳುತ್ತವೆ.

ಅಮೆರಿಕದಲ್ಲಿ ವ್ಯಾಪಾರದ ಮೋಸಗಳನ್ನು ವಿಚಾರಿಸಲು ೧೯೧೪ರ ಕಾಯಿದೆಯಂತೆ ಫೆಡರಲ್ ಟ್ರೇಡ್ ಕಮಿಷನ್ ಎಂಬ ಆಯೋಗವಿದೆ. ಸ್ವತಂತ್ರ ಮಾರಾಟತಾಣವೊಂದರಲ್ಲಿ ಹಣಕ್ಕೆ ಬರೆಸಿದ ಹುಸಿ ವಿಮರ್ಶೆಗಳ ಬಗ್ಗೆ ಅದು ಮೊದಲ ಮೊಕದ್ದಮೆಯನ್ನು ೨೦೧೯ರಲ್ಲಿ ಹೂಡಿತು. ಪ್ರತಿವಾದಿ ಕ್ಯೂರ್ ಎನ್‌ಕ್ಯಾಪ್ಸುಲೇಷನ್ಸ್ ಎಂಬ ಸಂಸ್ಥೆ. ಪದಾರ್ಥ, ಮೈತೂಕ ಇಳಿಸುವುದೆಂದು ಮಾರುತ್ತಿದ್ದ ಗಾರ್ಸಿನಿಯ ಕಾಂಬೋಜಿಯದ ಗುಳಿಗೆ. ಈ ಗಿಡ ನಮಗೆ ಅಪರಿಚಿತವಲ್ಲ. ಮಲೆನಾಡಿನವರು ಹುಳಿಗಾಗಿ ಬಳಸುವ ಉಪ್ಪಾಗೆಯೇ ಅದು. ಸರಾಸರಿ ೪.೩ ನಕ್ಷತ್ರಗಳಿಲ್ಲದಿದ್ದರೆ ಗುಳಿಗೆ ಮಾರಾಟವಾಗದೆಂದು ಮಾಲಿಕನು ಹುಸಿ ವಿಮರ್ಶೆ ಮಾರುವವರಿಗೆ ತಿಳಿಸಿದ್ದನೆಂಬುದು ಆಯೋಗದ ಆರೋಪಗಳಲ್ಲೊಂದು. ಅಂಗಿಯ ಬಣ್ಣ ಹೋದರೆ ಹಣ ನಷ್ಟ. ಗುಳಿಗೆಯ ವಿಷಯದಲ್ಲಿ ಮೋಸಹೋದರೆ ಆರೋಗ್ಯಕ್ಕೇ ಸಂಚಕಾರ ಬರಬಹುದು.

ಒಂದೊಂದಾಗಿ ಮೊಕದ್ದಮೆ ಹೂಡುವುದಕ್ಕಿಂತ ಸ್ಪಷ್ಟವಾದ ನಿಯಮವೇ ಲೇಸೆಂದು ಆಯೋಗವು ೨೦೨೪ರ ಆಗಸ್ಟ್ ತಿಂಗಳಲ್ಲಿ ಒಂದು ನಿಯಮವನ್ನು ಪ್ರಕಟಿಸಿತು. ಅಕ್ಟೋಬರ್ ೨೧ರಿಂದ ಅದು ಜಾರಿಗೆ ಬಂದಿತು. ಅದರ ಮುಖ್ಯಾಂಶಗಳು ಇವು: ಇಲ್ಲದ ವ್ಯಕ್ತಿಯ ಹೆಸರಿನಲ್ಲಾಗಲಿ, ಯಂತ್ರದಿಂದಾಗಲಿ, ಪದಾರ್ಥವನ್ನು ಬಳಸದವನಿಂದಾಗಲಿ ವಿಮರ್ಶೆ ಬರೆಸಕೂಡದು, ಮಾರಕೂಡದು, ಕೊಳ್ಳಕೂಡದು. ‘ಹೊಗಳಿದರೆ ಹಣ’ ಎಂದಾಗಲಿ, ‘ತೆಗಳಿದರೆ ಹಣ’ ಎಂದಾಗಲಿ ಷರತ್ತು ಹಾಕಕೂಡದು. ಸಂಸ್ಥೆಯ ಅಧಿಕಾರಿಗಳೂ ನೌಕರರೂ ತಮ್ಮ ಸಂಬಂಧವನ್ನು ಮರೆಮಾಚಿ ಬರೆಯಕೂಡದು. ಸಂಸ್ಥೆಯೇ ನಡೆಸುವ ವಿಮರ್ಶೆಯ ತಾಣವನ್ನು ಸ್ವತಂತ್ರವೆಂದು ತೋರಿಸಕೂಡದು. ಕೆಟ್ಟ ವಿಮರ್ಶೆ ಬರೆದವರನ್ನು ಬೆದರಿಸಕೂಡದು. ನಿಯಮ ಪ್ರಕಟವಾದಾಗ, ತಿಳಿದೂ ಉಲ್ಲಂಘಿಸಿದರೆ ಒಂದೊಂದು ಉಲ್ಲಂಘನೆಗೆ ೫೧,೭೪೪ ಡಾಲರುಗಳವರೆಗೆ ದಂಡ ಬೀಳಬಹುದಾಗಿತ್ತು. ೧೦ ಡಾಲರಿನ ಸುಳ್ಳಿಗೆ ಈಗ ಎಷ್ಟು ಬೆಲೆಯಾಯಿತೆಂಬುದನ್ನು ವಾಚಕರು ಲೆಕ್ಕ ಹಾಕಬಹುದು.

ಸುಳ್ಳನ್ನು ಸೇರಿಸುವುದೊಂದೇ ಮೋಸವಲ್ಲ. ನಿಜವನ್ನು ತೆಗೆದುಹಾಕುವುದೂ ಮೋಸವೇ. ತನಗೆ ಬೇಡವಾದ ಅಳತೆಗಳನ್ನು ಹೊಡೆದುಹಾಕಿ ಸರಾಸರಿ ತೆಗೆಯುವ ವಿದ್ಯಾರ್ಥಿ ಸುಳ್ಳು ಅಳತೆ ಬರೆದವನಿಗೆ ಸಮಾನ. ಫ್ಯಾಷನ್ ನೋವಾ ಎಂಬ ಬಟ್ಟೆಯ ಸಂಸ್ಥೆ ನಾಲ್ಕಕ್ಕಿಂತ ಕಡಿಮೆ ನಕ್ಷತ್ರಗಳ ವಿಮರ್ಶೆಗಳನ್ನು ಪ್ರಕಟಿಸದೆ ತಡೆಹಿಡಿದಿತ್ತೆಂದು ಆಯೋಗವು ಆರೋಪಿಸಿತು. ೨೦೨೨ರಲ್ಲಿ ಆ ಸಂಸ್ಥೆ ೪೨ ಲಕ್ಷ ಡಾಲರ್ ತೆತ್ತು ರಾಜಿ ಮಾಡಿಕೊಂಡಿತು. ‘ನಮ್ಮನ್ನು ಟೀಕಿಸಿದರೆ ದಂಡ’ ಎಂದು ಕರಾರುಪತ್ರದಲ್ಲಿ ಸೇರಿಸುತ್ತಿದ್ದ ವ್ಯಾಪಾರಿಗಳೂ ಇದ್ದರು. ಅಂಥ ಕರಾರುಗಳು ನಡೆಯವೆಂದು ಅಮೆರಿಕವು ೨೦೧೬ರಲ್ಲಿಯೇ ಬೇರೊಂದು ಕಾಯಿದೆ ಮಾಡಿತು. ಹೀಗೆ ಹುಸಿ ಮಾತನ್ನು ತಡೆಯುವುದೂ ದಿಟದ ಮಾತನ್ನು ಕಾಪಾಡುವುದೂ ಒಂದೇ ಕೆಲಸದ ಎರಡು ಮುಖಗಳು.

ಯೂರೋಪಿನಲ್ಲಿಯೂ ಇದೇ ಹಾದಿ. ೨೦೧೮ರಲ್ಲಿ ಇಟಲಿಯ ಲೆಚ್ಚೆ ನಗರದ ನ್ಯಾಯಾಲಯವು ಊಟದ ಮನೆ ಮತ್ತು ಹೋಟೆಲುಗಳಿಗೆ ಹುಸಿ ವಿಮರ್ಶೆಗಳನ್ನು ಮಾರುತ್ತಿದ್ದವನೊಬ್ಬನಿಗೆ ಒಂಬತ್ತು ತಿಂಗಳ ಸೆರೆವಾಸವನ್ನು ವಿಧಿಸಿತು. ೨೦೨೨ರ ಮೇ ೨೮ರಿಂದ ಅನ್ವಯವಾದ ಯೂರೋಪಿಯನ್ ಒಕ್ಕೂಟದ ನಿಯಮಗಳಂತೆ ಹುಸಿ ವಿಮರ್ಶೆ ಬರೆಯುವುದೂ ಬರೆಸುವುದೂ ನಿಷಿದ್ಧ. ವಿಮರ್ಶೆಗಳು ನಿಜವಾದ ಗ್ರಾಹಕರವೇ ಎಂದು ಪರೀಕ್ಷಿಸದೆ ಹಾಗೆಂದು ಹೇಳಿಕೊಳ್ಳುವುದೂ ನಿಷಿದ್ಧ. ಬ್ರಿಟನ್ನಿನಲ್ಲಿ ೨೦೨೪ರ ಕಾಯಿದೆಯ ನಿಷೇಧವು ೨೦೨೫ರ ಏಪ್ರಿಲ್ ೬ರಂದು ಜಾರಿಗೆ ಬಂದಿತು. ತಪ್ಪು ಮಾಡಿದ ಸಂಸ್ಥೆಗೆ ಅದರ ಪ್ರಪಂಚದಾದ್ಯಂತದ ವಹಿವಾಟಿನ ಶೇಕಡ ಹತ್ತರವರೆಗೂ ದಂಡ ವಿಧಿಸುವ ಅಧಿಕಾರ ಅಲ್ಲಿನ ಪ್ರಾಧಿಕಾರಕ್ಕೆ ದೊರೆಯಿತು.

ನಮ್ಮ ದೇಶದಲ್ಲಿ

ಭಾರತದಲ್ಲಿ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆ ೨೦೨೦ರ ಜುಲೈ ತಿಂಗಳಲ್ಲಿ ಜಾರಿಗೆ ಬಂದಿತು. ಅದೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೂ ಸ್ಥಾಪಿತವಾಯಿತು. ಸುಳ್ಳಾದ ಅಥವಾ ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿಗಳವರೆಗೂ, ಮತ್ತೆ ಅದೇ ತಪ್ಪನ್ನು ಮಾಡಿದರೆ ಐವತ್ತು ಲಕ್ಷದವರೆಗೂ ದಂಡ ವಿಧಿಸುವ ಅಧಿಕಾರ ಅದಕ್ಕುಂಟು. ಅಂತರ್ಜಾಲದ ವ್ಯಾಪಾರಕ್ಕಾಗಿ ೨೦೨೦ರಲ್ಲಿ ಮಾಡಿದ ನಿಯಮಗಳು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. ಮಾರುವವನು ತಾನೇ ಗ್ರಾಹಕನೆಂದು ಸುಳ್ಳಾಗಿ ತೋರಿಸಿಕೊಂಡು ವಿಮರ್ಶೆ ಬರೆಯಕೂಡದೆಂದು ಅವು ಸ್ಪಷ್ಟವಾಗಿ ವಿಧಿಸುತ್ತವೆ.

೨೦೨೨ರ ನವೆಂಬರ್ ತಿಂಗಳಲ್ಲಿ ಭಾರತೀಯ ಮಾನಕ ಸಂಸ್ಥೆಯ ‘ಐಎಸ್ ೧೯೦೦೦’ ಎಂಬ ಮಾನಕವು ಹೊರಬಂದಿತು. ವಿಮರ್ಶೆಗಳನ್ನು ಹೇಗೆ ಸಂಗ್ರಹಿಸಬೇಕು, ಹೇಗೆ ಪರಿಶೀಲಿಸಬೇಕು, ಹೇಗೆ ಪ್ರಕಟಿಸಬೇಕು ಎಂಬುದನ್ನು ಅದು ಗೊತ್ತುಮಾಡುತ್ತದೆ. ಸಿಮೆಂಟಿಗೂ ಕುಕ್ಕರಿಗೂ ಮಾನಕಗಳಿರುವಂತೆ ಮಾತಿಗೂ ಮಾನಕವೇ ಎಂದು ಮೊದಲು ಆಶ್ಚರ್ಯವಾಗಬಹುದು. ಆದರೆ ತಕ್ಕಡಿಯ ಹೋಲಿಕೆಯನ್ನು ನೆನೆದರೆ ಇದು ಸಹಜವಾಗಿಯೇ ತೋರುವುದು. ಹೊರಬಂದಾಗ ಈ ಮಾನಕವನ್ನು ಅನುಸರಿಸುವುದು ಸಂಸ್ಥೆಗಳ ಇಚ್ಛೆಗೆ ಬಿಟ್ಟುದಾಗಿತ್ತು. ೨೦೨೪ರ ಮೇ ತಿಂಗಳಲ್ಲಿ ಇದನ್ನು ಕಡ್ಡಾಯಗೊಳಿಸುವ ಪ್ರಸ್ತಾಪವನ್ನು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಮುಂದಿಟ್ಟಿತು.

ನಮ್ಮ ಪಾಲಿನ ಕೆಲಸ

ಕಾಯಿದೆಯ ಕೈ ಎಲ್ಲ ಕಡೆಗೂ ಚಾಚಲಾರದು. ಬರೆಸುವವನು ಒಂದು ದೇಶದಲ್ಲಿ, ಬರೆಯುವವನು ಇನ್ನೊಂದರಲ್ಲಿ, ಓದುವವನು ಮತ್ತೊಂದರಲ್ಲಿ ಇರುವಾಗ ಹಿಡಿಯುವುದು ಕಷ್ಟ. ಆದಕಾರಣ ಓದುವವರೂ ಅಳತೆಗಾರನ ಎಚ್ಚರಿಕೆಯನ್ನು ವಹಿಸಬೇಕು. ಸರಾಸರಿಯೊಂದನ್ನೇ ನೋಡದೆ ನಕ್ಷತ್ರಗಳು ಹೇಗೆ ಹಂಚಿಕೆಯಾಗಿವೆ ಎಂಬುದನ್ನೂ ನೋಡಬೇಕು. ಐದು ಮಂದಿಯ ಸರಾಸರಿಗೂ ಐನೂರು ಮಂದಿಯ ಸರಾಸರಿಗೂ ಒಂದೇ ಬೆಲೆ ಕೊಡಬಾರದು. ಒಂದೆರಡು ದಿನಗಳಲ್ಲಿಯೇ ಹೊಗಳಿಕೆ ಮಳೆಯಂತೆ ಸುರಿದಿದ್ದರೆ ಸಂಶಯಪಡಬೇಕು. ಬಳಸಿದವನಿಗೆ ಮಾತ್ರ ತಿಳಿಯಬಲ್ಲ ವಿವರಗಳು ಇವೆಯೇ ಎಂದು ಹುಡುಕಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಪ್ರತ್ಯಕ್ಷ ಕಾಣದುದರ ವಿಷಯದಲ್ಲಿ ಎಚ್ಚರಿಕೆ ಇನ್ನಷ್ಟು ಬೇಕು.

ವಿದ್ಯಾರ್ಥಿಗಳಿಗೆ ಮತ್ತೊಂದು ಮಾತನ್ನು ಹೇಳಬೇಕಾಗಿದೆ. ‘ಮನೆಯಲ್ಲಿ ಕುಳಿತೇ ಸಂಪಾದಿಸಿರಿ, ಐದು ನಕ್ಷತ್ರ ಕೊಟ್ಟರೆ ಇಷ್ಟು ರೂಪಾಯಿ’ ಎಂಬ ಕರೆ ಅವರ ಮೊಬೈಲಿಗೂ ಬರಬಹುದು. ಒಂದು ಸುಳ್ಳಿನಿಂದ ಆಗುವ ಹಾನಿ ಎಷ್ಟು ಮಹಾ ಎಂದು ತೋರಬಹುದು. ಆದರೆ ಆ ನಕ್ಷತ್ರವನ್ನು ನಂಬಿ ಯಾರೋ ಒಬ್ಬರು ತಾಯಿಗೆ ಔಷಧಿ ಕೊಳ್ಳಬಹುದು, ಮಗುವಿಗೆ ಆಟದ ಸಾಮಾನು ಕೊಳ್ಳಬಹುದು, ತಿಂಗಳ ಸಂಬಳದಲ್ಲಿ ಉಳಿಸಿದ ಹಣದಿಂದ ಹೊಲಿಗೆ ಯಂತ್ರ ಕೊಳ್ಳಬಹುದು. ಪ್ರಯೋಗಶಾಲೆಯಲ್ಲಿ ಮಾಡದ ಅಳತೆಯನ್ನು ಪುಸ್ತಕದಲ್ಲಿ ಬರೆಯಬಾರದೆಂದು ನಾವೆಲ್ಲ ಕಲಿತಿದ್ದೇವೆ. ಬಳಸದ ಪದಾರ್ಥಕ್ಕೆ ಅಂಕ ಕೊಡುವುದೂ ಅಂಥದೇ ತಪ್ಪು. ಬಳಸಿ ನೋಡಿದುದನ್ನಾದರೋ, ಅದು ಒಳ್ಳೆಯದಿರಲಿ, ಕೆಟ್ಟದ್ದಿರಲಿ, ಸಂಕೋಚವಿಲ್ಲದೆ ಇದ್ದುದನ್ನು ಇದ್ದಂತೆ ಬರೆಯಬೇಕು. ಹಾಗೆ ಬರೆಯುವವರು ಹೆಚ್ಚಿದಷ್ಟೂ ಹುಸಿಗಳ ಭಾರ ಸರಾಸರಿಯಲ್ಲಿ ಕಡಿಮೆಯಾಗುವುದು.